ಒಂದು ಪ್ರಶ್ನೆಗೆ ಒಂದೇ ಕಟ್ಟೆ

ಒಂದು ಪ್ರಶ್ನೆಗೆ ಒಂದೇ ಕಟ್ಟೆ. ಈ ನಿಯಮ ಬರೆದವಳು ನಾನು. ದಾಕ್ಷಾಯಣಿ ಮುಳಗುಂದ, ಗಡಿ ವಿಭಾಗ, ಗದಗ. ನಿಯಮ ಜಾರಿಗೆ ಬಂದ ದಿನ ನನಗೆ ಶಾಲು ಹೊದಿಸಿ, ಕಚೇರಿಗೆಲ್ಲ ಫೇಡೆ ಹಂಚಿದರು. ಆ ಫೇಡೆಯನ್ನು ನಾನೂ ಖುಷಿಯಿಂದಲೇ ತಿಂದೆ.

ಕಟ್ಟೆಯೆಂದರೇನು ಎಂದು ಈಗ ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ, ಇದನ್ನು ಯಾವ ಕಾಲದವರು ಓದುತ್ತಾರೋ ಗೊತ್ತಿಲ್ಲ. ಹಿಂದೆ ಜನ ಅಂತರ್ಜಾಲದಲ್ಲಿ ಎಲ್ಲೆಂದರಲ್ಲಿ ಪ್ರಶ್ನೆ ಕೇಳುತ್ತಿದ್ದರು. ಬಲ್ಲವರೂ ಅರಿಯದವರೂ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಆ ಗದ್ದಲವನ್ನೆಲ್ಲ ಒಟ್ಟು ಮಾಡಿ ನೂರಾ ಹನ್ನೆರಡು ಕಟ್ಟೆಗಳಾಗಿ ಹಂಚಿದರು. ಅಡುಗೆಯದೊಂದು, ಆರೋಗ್ಯದ್ದೊಂದು, ಮನೆಯ ಯಂತ್ರಗಳದ್ದೊಂದು, ರೂಢಿ ಆಚಾರಗಳದ್ದೊಂದು. ಒಂದೊಂದು ಕಟ್ಟೆಯಲ್ಲೂ ಆ ವಿಷಯವನ್ನು ಅರೆದು ಕುಡಿದ ಸಾವಿರಾರು ಮಂದಿ. ಮನೆಮನೆಯ ಗೋಡೆಯ ಮೇಲೂ ಒಂದು ಕೇಳುಪೆಟ್ಟಿಗೆ. ಅದರ ಮುಂದೆ ನಿಂತು ಕೇಳಿದರೆ ನಾಲ್ಕು ನಿಮಿಷದಲ್ಲಿ ಉತ್ತರ. ಇದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಆಸ್ಪತ್ರೆ, ಗ್ಯಾಸು, ಬೆಂಕಿ, ಕರೆಂಟು ಎಲ್ಲದರ ಸಹಾಯವಾಣಿಗಳನ್ನೂ ಮುಚ್ಚಿ ಪೆಟ್ಟಿಗೆಗೇ ಜೋಡಿಸಿದರು.

ಯಾವ ಪ್ರಶ್ನೆ ಯಾವ ಕಟ್ಟೆಗೆ ಎಂದು ವಿಂಗಡಿಸಲು ಒಂದು ಯಂತ್ರವಿದೆ. ನಾವು ಅದನ್ನು ಜರಡಿ ಎನ್ನುತ್ತೇವೆ. ಜರಡಿ ಮೊದಲು ಕೇಳಿದವರ ಹೆಸರು ತೆಗೆಯುತ್ತದೆ, ಆಮೇಲೆ ಊರು, ಆಮೇಲೆ ಮಾತಿನ ಧಾಟಿ. ಹುಬ್ಬಳ್ಳಿಯವರು ಕೇಳಲಿ, ಕೋಲಾರದವರು ಕೇಳಲಿ, ನಮ್ಮ ಪರದೆಗೆ ಬರುವಾಗ ಎಲ್ಲವೂ ಪುಸ್ತಕದ ಕನ್ನಡ. ನೂರರಲ್ಲಿ ತೊಂಬತ್ತೇಳನ್ನು ಜರಡಿಯೇ ಕಳುಹಿಸಿಬಿಡುತ್ತದೆ. ಎರಡು ಮೂರು ಕಟ್ಟೆಗಳ ಮೇಲೆ ಕಾಲಿಟ್ಟು ನಿಂತ ಪ್ರಶ್ನೆಗಳು ಮಾತ್ರ ಗಡಿ ವಿಭಾಗಕ್ಕೆ, ಅಂದರೆ ಬೆಟಗೇರಿಯ ಹಳೆಯ ಹತ್ತಿ ಗಿರಣಿಯ ಕಟ್ಟಡದಲ್ಲಿ ಕೂತ ನಮ್ಮ ಹನ್ನೆರಡು ಜನರ ಮುಂದೆ ಬರುತ್ತವೆ.

ಮೊದಮೊದಲು ಜಗಳವೋ ಜಗಳ. ಎಮ್ಮೆಗೆ ಯಾವ ಹೆಸರಿಡಬೇಕು ಎಂಬ ಪ್ರಶ್ನೆ ತನಗೆ ಸೇರಿದ್ದೆಂದು ನಾಮಕರಣ ಕಟ್ಟೆ, ಅಲ್ಲ ತನ್ನದೆಂದು ದನಕರುಗಳ ಕಟ್ಟೆ. ಮೂರು ವಾರ ನಡೆದ ಆ ವ್ಯಾಜ್ಯ ಮುಗಿಯುವ ಹೊತ್ತಿಗೆ ಎಮ್ಮೆಯನ್ನು ಮಾರಿದ್ದರು. ಆಗ ನಾನು ಹೇಳಿದೆ: ಎರಡು ಕಟ್ಟೆಗೆ ಸೇರುವ ಪ್ರಶ್ನೆ ಎಂಬುದು ಇರಲೇಬಾರದು. ಅಂಥದ್ದು ಬಂದರೆ ಕತ್ತರಿಸಿ. ಒಂದೊಂದು ತುಂಡನ್ನು ಒಂದೊಂದು ಕಟ್ಟೆಗೆ ಕಳಿಸಿ. ಬೇಡದ ವಿವರ ಅಳಿಸಿ. ಇದಕ್ಕೆ ನಾವು ಚೊಕ್ಕ ಮಾಡುವುದು ಎಂದು ಹೆಸರಿಟ್ಟೆವು. ದಿನಕ್ಕೆ ಆರುನೂರು ಪ್ರಶ್ನೆ ಚೊಕ್ಕ ಮಾಡುತ್ತಿದ್ದೆ. ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ, ಮತ್ತು ಅದನ್ನು ನಾನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ತಂಗಿ ಕಸ್ತೂರಿ ಬಾಣಂತನಕ್ಕೆ ನನ್ನ ಮನೆಗೆ ಬಂದಳು. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು, ನಾನು ಮದುವೆಯಾದವಳಲ್ಲ, ಅವಳಿಗೆ ತವರೆಂದರೆ ಹಾತಲಗೇರಿ ನಾಕಾದ ನನ್ನ ಎರಡು ಕೋಣೆಯ ಮನೆಯೇ. ಹೆಣ್ಣು ಕೂಸು, ಇಪ್ಪತ್ತೆರಡು ದಿನದ್ದು. ಕಸ್ತೂರಿ ನನಗಿಂತ ಹದಿನಾರು ವರ್ಷ ಚಿಕ್ಕವಳು. ಅವಳನ್ನು ಎತ್ತಿ ಬೆಳೆಸಿದವಳು ನಾನೇ ಆದ್ದರಿಂದ ಆ ಕೂಸು ನನಗೆ ಮೊಮ್ಮಗಳಂತೆಯೇ ಕಾಣುತ್ತಿತ್ತು.

ಕೂಸಿಗೂ ಬಾಣಂತಿಗೂ ನೀರು ಎರೆಯುವುದಕ್ಕೆ ಹನುಮವ್ವ ಬರುತ್ತಿದ್ದಳು. ಅರವತ್ತೈದು ದಾಟಿದರೂ ಗಟ್ಟಿಮುಟ್ಟಾದ ಹೆಂಗಸು, ಓಣಿಯ ಅರ್ಧ ಕೂಸುಗಳಿಗೆ ಎರೆದವಳು. ಮೊದಲ ದಿನವೇ ಬಚ್ಚಲ ಗೋಡೆಯ ಗ್ಯಾಸ್ ಗೀಸರನ್ನು ನೋಡಿ ಮೂಗು ಮುರಿದಳು.

“ಅಲ್ಲವ್ವಾ, ಹಂಡೇಕ ಕಟಗಿ ಹಚ್ಚಿ ಕಾಸಿದ ನೀರ ಬ್ಯಾರೆ, ಈ ಡಬ್ಬಿ ನೀರ ಬ್ಯಾರೆ. ಇರ್ಲಿ ಬಿಡು. ಆದ್ರ ಆ ಕಿಂಡಿ ಮಾತ್ರ ಮುಚ್ಚಬೇಕ ನೋಡು. ಬಾಣಂತಿಗೆ ಗಾಳಿ ಹೊಕ್ಕರ ಸಾಯೂತನಕ ಸೊಂಟ ಹಿಡಕೊಂಡ ಕೂಡ್ತಾಳ.”

ನನ್ನ ಹಳೆಯ ಹಸಿರು ಇಳಕಲ್ ಸೀರೆಯೊಂದನ್ನು ಕೊಟ್ಟೆ. ಅವಳು ಅದನ್ನು ಮಡಚಿ ಕಿಂಡಿಗೆ ಬಿಗಿಯಾಗಿ ತುರುಕಿದಳು. ಬಾಗಿಲ ಸಂದಿಗೆ ಗೋಣಿಚೀಲ ಹಾಸಿದಳು. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಕೂಸಿಗೆ ಎರೆದು ತೊಟ್ಟಿಲಿಗೆ ಹಾಕಿ, ಆಮೇಲೆ ಬಾಣಂತಿಗೆ ಇಪ್ಪತ್ತು ಕೊಡ ಸುಡುನೀರು. ಮುಕ್ಕಾಲು ಗಂಟೆ ಗೀಸರು ಉರಿಯುತ್ತಲೇ ಇರುತ್ತಿತ್ತು. ಆ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತಿದ್ದೆ.

ಒಂದು ವಾರ ಕಳೆಯುವುದರಲ್ಲಿ ಕಸ್ತೂರಿಯ ಮುಖ ಕೆಂಪಗೆ ತುಂಬಿಕೊಂಡಿತು. ಪಕ್ಕದ ಮನೆಯ ಶಂಕ್ರಮ್ಮ ಬಂದು, ಬಾಣಂತನ ಅಂದರೆ ಹೀಗಿರಬೇಕು ಎಂದು ಹೊಗಳಿ ಹೋದಳು. ನನಗೂ ಹೆಮ್ಮೆಯಾಯಿತು. ಆದರೆ ಸಂಜೆ ನಾನು ಮನೆಗೆ ಬಂದರೂ ಅವಳು ಮಲಗಿಯೇ ಇರುತ್ತಿದ್ದಳು.

“ಹೆಂಗದಿ ಕಸ್ತೂರಿ?” ಎಂದು ಕೇಳಿದೆ.

“ಹೆಂಗದಿ ಅಂದ್ರ? ಮೈ ಕೇಳ್ತಿಯೋ, ಮನಸ್ಸ ಕೇಳ್ತಿಯೋ?” ಎಂದಳು.

ತಮಾಷೆಗೆ ಹೇಳಿದ್ದಲ್ಲ. ಅವಳ ವಯಸ್ಸಿನವರೆಲ್ಲ ಹಾಗೆಯೇ ಮಾತಾಡುತ್ತಾರೆ. ಪೆಟ್ಟಿಗೆಯ ಮುಂದೆ ಬೆಳೆದವರು. ಬಿಡಿಸಿ ಕೇಳದಿದ್ದರೆ ಪೆಟ್ಟಿಗೆ ಒಪ್ಪುವುದಿಲ್ಲವಾದ್ದರಿಂದ ಮನೆಯವರೊಡನೆಯೂ ಬಿಡಿಸಿಯೇ ಮಾತಾಡುವುದನ್ನು ಕಲಿತವರು. ನಮ್ಮ ಓಣಿಯ ತಾಯಂದಿರು ಮಕ್ಕಳಿಗೆ, “ಹಂಗ ಕಲಸಿ ಕೇಳಬಾರದು, ಯಾವ ಕಟ್ಟಿಗೂ ಸೇರೂದಿಲ್ಲ” ಎಂದು ಗದರಿಸುವುದನ್ನು ನಾನೇ ಕೇಳಿದ್ದೇನೆ. ಕೇಳಿ, ನಮ್ಮ ಕೆಲಸ ಹಗುರಾಯಿತಲ್ಲ ಎಂದು ಸಂತೋಷಪಟ್ಟಿದ್ದೇನೆ.

“ಮೈ ಹೆಂಗೈತಿ?” ಎಂದು ತಿದ್ದಿ ಕೇಳಿದೆ.

“ತಲಿ ನೋಯ್ತೈತಿ. ಹನುಮವ್ವಗೂ ನೋಯ್ತೈತಂತ. ಮಧ್ಯಾಹ್ನ ಪೆಟ್ಟಿಗಿ ಕೇಳೀನಿ. ಮೂರು ಉತ್ತರಾ ಬಂದಾವ, ಎಲ್ಲಾ ಭಾಳ ಮಂದಿ ಒಪ್ಪಿದ್ದು. ಚಿಂತಿ ಮಾಡೂದೇನಿಲ್ಲ.”

ಮೂರು ಉತ್ತರ ಎಂದಳು. ಏನು ಕೇಳಿದೆ ಎಂದು ನಾನು ಕೇಳಲಿಲ್ಲ. ಉತ್ತರ ಬಂದಿದೆಯಲ್ಲ, ಅದೂ ನಮ್ಮ ಕಟ್ಟೆಗಳಿಂದ, ಇನ್ನೇನು ಬೇಕು ಎಂದುಕೊಂಡೆ.

ಮರುದಿನ ಬುಧವಾರ. ನನ್ನ ಪಕ್ಕದ ಮೇಜಿನಲ್ಲಿ ಮೆಹಬೂಬಿ ನದಾಫ ಕೂರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಆಸ್ಪತ್ರೆಯಲ್ಲಿ ಆಯಾ ಆಗಿದ್ದು ಆಮೇಲೆ ನಮ್ಮಲ್ಲಿಗೆ ಬಂದವರು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಅವರದು ಇಡೀ ವಿಭಾಗದಲ್ಲೇ ನಿಧಾನದ ಕೈ. ಕಾರಣವೇನೆಂದರೆ ಅವರು ಪ್ರಶ್ನೆಯನ್ನು ಪೂರ್ತಿ ಓದುತ್ತಿದ್ದರು. ನಾವ್ಯಾರೂ ಹಾಗೆ ಓದುತ್ತಿರಲಿಲ್ಲ. ಬೇಡದ ವಿವರವನ್ನು ಜರಡಿ ಬೂದು ಬಣ್ಣದಲ್ಲಿ ತೋರಿಸುತ್ತದೆ. ಬೂದು ಕಂಡಲ್ಲಿ ಗುಂಡಿ ಒತ್ತಿ ಅಳಿಸುತ್ತೇವೆ. ಉಳಿದದ್ದರ ಮೇಲೆ ಕಣ್ಣಾಡಿಸುವುದು ಎಲ್ಲಿ ಕತ್ತರಿಸಬೇಕು ಎಂದು ತಿಳಿಯುವುದಕ್ಕೆ ಮಾತ್ರ.

ಹತ್ತು ಗಂಟೆಗೆ ಐದು ನಿಮಿಷ ಮುಂಚೆ ಆಪಾ ಕುರ್ಚಿ ಎಳೆದುಕೊಂಡು ನನ್ನ ಬಳಿ ಬಂದರು.

“ದಾಕ್ಷಾಯಣಿ ಬಾಯಿ, ಒಂದ ಮಾತ ಕೇಳ್ಲೇನ್ರಿ? ಗೀಸರ್ ಬೆಂಕಿ ಹಳದಿ ಉರೀತೈತಿ ಅಂತ ಒಂದ ಪ್ರಶ್ನಿ. ಬಿಸಿನೀರ ಹಾಕ್ಕೊಂಡ ಮ್ಯಾಲೆ ತಲಿ ನೋಯ್ತೈತಿ, ವಾಕರಿಕಿ ಬರ್ತೈತಿ ಅಂತ ಒಂದು. ಬಾಣಂತಿ ಬಚ್ಚಲದ ಕಿಂಡಿ ಮುಚ್ಚಬೇಕೋ ಬ್ಯಾಡೋ ಅಂತ ಇನ್ನೊಂದು. ಈ ಮೂರೂ ಒಂದ ಮನೀವು ಅಲ್ರಿ?”

“ಇರಬಹುದು ಆಪಾ. ಮೂರಕ್ಕೂ ಉತ್ತರ ಹೋಗ್ಯಾವಲ್ಲ.”

ಹೋಗಿದ್ದವು. ಯಂತ್ರಗಳ ಕಟ್ಟೆ ಹೇಳಿತ್ತು: ಬರ್ನರಿನಲ್ಲಿ ಧೂಳು ಕೂತಿರಬೇಕು, ಬಿಡುವಾದಾಗ ಶುಚಿ ಮಾಡಿಸಿ, ನೀರು ಕಾಯುವುದಕ್ಕೆ ತೊಂದರೆಯಿಲ್ಲ. ಆರೋಗ್ಯ ಕಟ್ಟೆ ಹೇಳಿತ್ತು: ಬಿಸಿನೀರಿನಿಂದ ರಕ್ತದ ಒತ್ತಡ ಇಳಿದು ತಲೆನೋವು ಬರುವುದು ಸಾಮಾನ್ಯ, ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ. ರೂಢಿ ಕಟ್ಟೆ ಹೇಳಿತ್ತು: ನಲವತ್ತು ದಿನ ಬಾಣಂತಿಗೆ ಗಾಳಿ ಸೋಕಬಾರದೆಂಬುದು ಹಿರಿಯರ ಪದ್ಧತಿ, ಬಟ್ಟೆ ದಪ್ಪಗಿರಲಿ. ಒಂದೊಂದನ್ನೂ ಸಾವಿರಾರು ಬಲ್ಲವರು ಒಪ್ಪಿದ್ದರು. ಅವರವರ ತುಂಡಿಗೆ ಅವರು ಕೊಟ್ಟ ಉತ್ತರದಲ್ಲಿ ಒಂದೂ ಸುಳ್ಳಿರಲಿಲ್ಲ.

“ನಮ್ಮ ಮಾವ ಹಿಂಗ ಸತ್ತಾನ್ರಿ,” ಎಂದರು ಆಪಾ. “ಚಳಿಗೆ ಇದ್ದಲಿ ಅಗ್ಗಿಷ್ಟಿಗಿ ಇಟಗೊಂಡು ಬಾಗಲಾ ಹಾಕ್ಕೊಂಡ ಮಲಗಿದ್ದ. ಗಾಳಿ ಸಾಲದ ಉರಿಯೋ ಬೆಂಕಿ ಒಂದ ಥರದ ವಿಷ ಬಿಡ್ತೈತಂತ. ಬಣ್ಣ ಇಲ್ಲ, ವಾಸನಿ ಇಲ್ಲ. ರಕ್ತದಾಗ ಹೊಕ್ಕೊಂಡು ಉಸರಿಗೆ ಜಾಗಾನ ಕೊಡೂದಿಲ್ಲಂತ. ಸತ್ತಾಗ ಮಾರಿ ಕೆಂಪಗ ಚಂದ ಕಾಣತಿತ್ತು, ನಿದ್ದಿ ಹತ್ತೇತಿ ಅಂದ್ಕೊಂಡಿದ್ವಿ.”

ಆಪಾ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹಳದಿ ಬೆಂಕಿ, ತಲೆನೋವು, ಮುಚ್ಚಿದ ಕಿಂಡಿ ಎಂದು ಮೂರಾಗಿ ಕತ್ತರಿಸಿದ ಪ್ರಶ್ನೆಗಳು ದೀಪಾವಳಿಯಿಂದೀಚೆಗೆ ಮೂವತ್ತೆಂಟು ಬಂದಿದ್ದವು. ಅವುಗಳಲ್ಲಿ ಹದಿನಾಲ್ಕರ ಮುಂದೆ ಹಸಿರು ಚುಕ್ಕೆಯಿತ್ತು. ಹೆಸರು, ಊರು ಹೋದರೂ ಪೆಟ್ಟಿಗೆಯದೊಂದು ಅಂಕಿ ಉಳಿಯುತ್ತದೆ; ಆ ಅಂಕಿಯಿಂದ ಮನೆಯವರು ಮತ್ತೆ ಕೇಳಲಿಲ್ಲವೆಂದರೆ ಅವರಿಗೆ ತೃಪ್ತಿಯಾಯಿತೆಂದು ನಮ್ಮ ಲೆಕ್ಕ. ಅದಕ್ಕೇ ಹಸಿರು ಚುಕ್ಕೆ.

“ಈ ಹದಿನಾಲ್ಕ ಪೆಟ್ಟಿಗಿ ಆಮ್ಯಾಲೆ ಒಂದ ಪ್ರಶ್ನಿನೂ ಕೇಳಿಲ್ರಿ. ಅಡಗಿದೂ ಇಲ್ಲ, ಮಳಿದೂ ಇಲ್ಲ.”

“ತೃಪ್ತಿ ಆಗಿರಬೇಕು,” ಎಂದು ನನ್ನ ಬಾಯಿ ಅಂದಿತು.

“ಕೂಸಿರೋ ಮನಿ ಅವು, ದಾಕ್ಷಾಯಣಿ ಬಾಯಿ. ಕೂಸಿರೋ ಮನಿ ಒಂದ ದಿನಾರ ಏನೂ ಕೇಳದ ಇರ್ತೈತೇನ್ರಿ?”

ಸತ್ತವರ ಲೆಕ್ಕ ಇಡುವುದು ಬೇರೆ ಕಟ್ಟೆ, ನಮ್ಮ ಕಣ್ಣಿಗೆ ಅದು ಬೀಳುವುದೇ ಇಲ್ಲ. ಮೂವತ್ತೆಂಟರಲ್ಲಿ ಇಪ್ಪತ್ತೊಂದನ್ನು ಕತ್ತರಿಸಿದ್ದು ನಾನು. ಪಟ್ಟಿಯ ಕೊನೆಯದ್ದು ನಿನ್ನೆ ಮಧ್ಯಾಹ್ನದ್ದು, ಅದೂ ನನ್ನದೇ ಕೆಲಸ. ಅಳಿಸಿದ ಬೂದು ಪದಗಳನ್ನು ಜರಡಿ ಒಂದು ದಿನ ಇಟ್ಟುಕೊಂಡಿರುತ್ತದೆ. ಯಾಕೋ ಏನೋ, ಅದನ್ನು ತೆರೆದೆ. ಬೂದು ಬಣ್ಣದಲ್ಲಿ ಇಷ್ಟಿತ್ತು: “ಅಕ್ಕನ ಹಸಿರು ಇಳಕಲ್ ಸೀರೆ.”

ಗಡಿಯಾರ ನೋಡಿದೆ. ಹತ್ತು ಹತ್ತು.

ಕಸ್ತೂರಿಗೆ ಫೋನು ಮಾಡಿದೆ. ಹೊಡೆದುಕೊಂಡಿತು, ಎತ್ತಲಿಲ್ಲ. ಹನುಮವ್ವನ ಬಳಿ ಫೋನೇ ಇರಲಿಲ್ಲ. ಕಸ್ತೂರಿಯ ಗಂಡ ಬಳ್ಳಾರಿ ಕಡೆಯ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಪರದೆಯ ಮೇಲೆ ಬಡಬಡ ಬರೆದೆ: ಗೀಸರು ಆರಿಸಿ, ಕಿಂಡಿ ತೆರೆಯಿರಿ, ಎಲ್ಲ ಪೆಟ್ಟಿಗೆಗಳಿಗೂ ಕೂಡಲೇ ತಿಳಿಸು. ಜರಡಿ ಹೇಳಿತು: “ಇದು ಪ್ರಶ್ನೆಯಲ್ಲ.” ಪ್ರಶ್ನೆ ಮಾಡಿ ಬರೆದೆ: ಗೀಸರು ಉರಿಯುವಾಗ ಬಾಣಂತಿಯ ಬಚ್ಚಲ ಕಿಂಡಿ ಮುಚ್ಚಿದರೆ ಜೀವಕ್ಕೆ ಅಪಾಯವೇ? ಜರಡಿ ಹೇಳಿತು: “ಈ ಪ್ರಶ್ನೆ ಮೂರು ಕಟ್ಟೆಗಳಿಗೆ ಸೇರಿದೆ. ಗಡಿ ವಿಭಾಗಕ್ಕೆ ಕಳುಹಿಸಲಾಗಿದೆ.”

ಅದು ಎದುರು ಸಾಲಿನ ಚೆನ್ನವೀರಯ್ಯನ ಪರದೆಗೆ ಹೋಯಿತು. ಅವನು ಕಿವಿಗೆ ಹಾಡು ಹಾಕಿಕೊಂಡು ಕೂತಿದ್ದ. ನಾನು ಕೂಗುವುದರೊಳಗೆ ಅದನ್ನು ಮೂರು ತುಂಡು ಮಾಡಿ ಕಳಿಸಿಯಾಗಿತ್ತು. ನನ್ನಷ್ಟೇ ಚೊಕ್ಕವಾಗಿ ಕತ್ತರಿಸಿದ್ದ, ಯಾಕೆಂದರೆ ಅವನಿಗೆ ಕಲಿಸಿದವಳು ನಾನು.

“ನೀವ ಹೋಗ್ರಿ, ನಾ ಇಲ್ಲಿ ನೋಡ್ಕೋತೀನಿ,” ಎಂದು ಆಪಾ ನನ್ನನ್ನು ಬಾಗಿಲ ಕಡೆ ನೂಕಿದರು.

ಆಟೋದಲ್ಲಿ ಕೂತು ಶಂಕ್ರಮ್ಮನಿಗೆ ಫೋನು ಹಚ್ಚಿದೆ. ಎತ್ತಿದಳು. ದೇವರು ದೊಡ್ಡವನು ಎಂದುಕೊಂಡೆ.

“ಶಂಕ್ರಮ್ಮ, ನಮ್ಮ ಮನಿಗೆ ಓಡು! ಬಚ್ಚಲ ಬಾಗಲಾ ತಗಿ! ಗೀಸರಿನ ವಿಷಗಾಳಿ ತುಂಬೇತಿ, ಕಸ್ತೂರಿ ಒಳಗದಾಳ!”

“ಹೌದಾ? ಅಯ್ಯ ಶಿವನ! ಗೀಸರಿಂದ ಅಂದ್ರ ಅದು ಯಂತ್ರದ್ದಾ, ಬಾಣಂತಿದಾ? ತಡೀ, ಪೆಟ್ಟಿಗಿ ಕೇಳ್ತೀನಿ.”

“ಕೇಳಬ್ಯಾಡ! ಓಡು!”

“ಕೇಳದ ಹೆಂಗವಾ, ಎಡವಟ್ಟಾದ್ರ? ಒಂದ ನಿಮಿಷ.”

ಅವಳು ಫೋನು ಕೆಳಗಿಟ್ಟಳು. ಪೆಟ್ಟಿಗೆಯ ಮುಂದೆ ನಿಂತು ನನ್ನ ಮಾತನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳುವುದು ನನಗೆ ಕೇಳಿಸುತ್ತಿತ್ತು. ಪೆಟ್ಟಿಗೆ ಅಷ್ಟೇ ಮರ್ಯಾದೆಯಿಂದ, ಬಿಡಿಸಿ ಕೇಳಿ ಎಂದಿತು. ಅವಳು ಬಿಡಿಸಲು ಶುರು ಮಾಡಿದಳು. ಶಂಕ್ರಮ್ಮ ಕೆಟ್ಟವಳಲ್ಲ, ಕಸ್ತೂರಿಗೆ ದಿನಾ ತುಪ್ಪ ತಂದುಕೊಡುತ್ತಿದ್ದವಳು. ಬೆಟಗೇರಿಯಿಂದ ಹಾತಲಗೇರಿ ನಾಕಾದವರೆಗೆ ನಾನು ಕಿವಿಗೆ ಫೋನು ಒತ್ತಿಕೊಂಡು ಅಳುತ್ತ ಅದನ್ನು ಕೇಳಿದೆ.

ಮನೆಯ ಮುಂದಿನ ಬಾಗಿಲು ತೆರೆದೇ ಇತ್ತು. ತೊಟ್ಟಿಲಲ್ಲಿ ಕೂಸು ಕಿರುಚುತ್ತಿತ್ತು. ಬಚ್ಚಲ ಬಾಗಿಲಿಗೆ ಒಳಗಿನಿಂದ ಅಗುಳಿ. ನೀರು ಬೀಳುವ ಸದ್ದು ಕೇಳುತ್ತಿತ್ತು, ಮಾತಿನ ಸದ್ದಿಲ್ಲ. ಆಟೋದವನೂ ನಾನೂ ಸೇರಿ ಬಾಗಿಲು ಒಡೆದೆವು. ಹನುಮವ್ವ ಹೊಸ್ತಿಲಿಗೆ ಅಡ್ಡ ಬಿದ್ದಿದ್ದಳು, ಅಗುಳಿಯ ಕಡೆ ಕೈ ಚಾಚಿಕೊಂಡು. ಕಸ್ತೂರಿ ಮಣೆಯ ಮೇಲೆ ಕೂತು ಗೋಡೆಗೆ ಒರಗಿದ್ದಳು. ಮುಖ ಕೆಂಪಗಿತ್ತು. ಗೀಸರಿನಲ್ಲಿ ಹಳದಿ ಬೆಂಕಿ ಉರಿಯುತ್ತಲೇ ಇತ್ತು.

ಹನುಮವ್ವ ಆಸ್ಪತ್ರೆ ಮುಟ್ಟಲಿಲ್ಲ. ಕಸ್ತೂರಿ ಬದುಕಿದಳು. ಬದುಕಿದಳು ಎಂದು ಡಾಕ್ಟರು ಹೇಳುತ್ತಾರೆ, ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಕಣ್ಣು ತೆರೆಯುತ್ತಾಳೆ, ಅನ್ನ ನುಂಗುತ್ತಾಳೆ. ಕೂಸು ಅತ್ತರೆ ತಿರುಗಿ ನೋಡುವುದಿಲ್ಲ. ಮಿದುಳಿಗೆ ಉಸಿರು ಸಿಗದೆ ಕಳೆದುಹೋದದ್ದು ಎಷ್ಟು ಮರಳೀತು ಎಂದು ಆರು ತಿಂಗಳು ಬಿಟ್ಟು ಹೇಳುತ್ತಾರಂತೆ.

ನಾಲ್ಕನೆಯ ದಿನ ರೋಣದ ಸರ್ ಮುಂದೆ ಹೋಗಿ ನಿಂತೆ. ಅವರು ವಿಭಾಗದ ಮುಖ್ಯಸ್ಥರು, ನನಗೆ ಶಾಲು ಹೊದಿಸಿದವರು.

“ನಿಯಮ ತಗೀರಿ ಸರ್. ಮೂವತ್ತೆಂಟು ಮನಿ ವಿಳಾಸ ಕೊಡ್ರಿ.”

“ವಿಳಾಸ ಜರಡಿ ಇಟಗೊಳ್ಳೂದ ಇಲ್ಲಲ್ಲ ದಾಕ್ಷಾಯಣಿಯವರ, ನಿಮಗ ಗೊತ್ತೈತಿ. ಮೂರೂ ಸೇರಿಸಿ ಉತ್ತರಾ ಬೇಕಂದ್ರ ಹೊಸಾ ಕಟ್ಟಿ ಆಗಬೇಕು. ಇನ್ನೂರ ಮಂದಿ ಬೆಂಬಲ, ಅರವತ್ತ ದಿನದ ಪರೀಕ್ಷಿ. ಅರ್ಜಿ ಕೊಡ್ರಿ, ನಾ ಇವತ್ತ ಸಹಿ ಹಾಕ್ತೀನಿ.”

“ಅರವತ್ತ ದಿನದಾಗ ಎಷ್ಟ ಬಾಣಂತ್ಯಾರು ಸಾಯ್ತಾರ ಸರ್?”

“ಅದು ಜನಸಂಖ್ಯಾ ಕಟ್ಟಿಗೆ…” ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ತಮ್ಮ ಬಾಯಿಂದ ಏನು ಬಂತು ಎಂದು ತಮಗೇ ಕೇಳಿಸಿತೇನೋ. ಕನ್ನಡಕ ತೆಗೆದು ಮುಖ ಒರೆಸಿಕೊಂಡರು, ಆಮೇಲೆ ನನ್ನತ್ತ ನೋಡಲಿಲ್ಲ. ನನಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಯಿತು.

ಆವತ್ತೇ ನಾನೂ ಆಪಾನೂ ಓಣಿಗೆ ಇಳಿದೆವು. ಅವರು ಬೆಟಗೇರಿಯ ಕಡೆ, ನಾನು ಗದಗಿನ ಕಡೆ. ಬಾಣಂತಿಯಿರುವ ಮನೆ ಹುಡುಕುವುದು ಕಷ್ಟವಲ್ಲ. ಲೋಬಾನ, ಅಜವಾನದ ಹೊಗೆಯ ವಾಸನೆ ಬೀದಿಗೇ ಬರುತ್ತದೆ, ಹಗ್ಗದ ಮೇಲೆ ಸಣ್ಣ ಬಟ್ಟೆಗಳು ಒಣಗುತ್ತಿರುತ್ತವೆ. ಕಷ್ಟ ಬಾಗಿಲು ತೆರೆದ ಮೇಲಿನದು. ನಾನು ಹೇಳಿದ್ದನ್ನು ಅವರು ಸಮಾಧಾನವಾಗಿ ಕೇಳುತ್ತಾರೆ, ಒಳಗೆ ಹೋಗಿ ಪೆಟ್ಟಿಗೆಯನ್ನು ಕೇಳುತ್ತಾರೆ, ಮರಳಿ ಬಂದು, “ಹಂಗೇನ ಇಲ್ಲಂತ್ರಿ” ಎನ್ನುತ್ತಾರೆ. ಕೆಲವರು ಚಹಾ ಕುಡಿದು ಹೋಗಿ ಎಂದೂ ಕರೆದರು. ಐದು ದಿನದಲ್ಲಿ ಎಂಬತ್ತು ಮನೆ ಹತ್ತಿಳಿದೆ. ಕಿಂಡಿ ತೆಗೆದವರು ಆರು ಮಂದಿ.

ಆರನೆಯ ದಿನ ಹತ್ತೂವರೆಯ ಹೊತ್ತಿಗೆ ಗಂಗಾಪುರ ಪೇಟೆಯ ಹಿಂದಿನ ಒಂದು ಓಣಿಯಲ್ಲಿ ಬಾಗಿಲು ಬಡಿದೆ. ನಡುವಯಸ್ಸಿನ ಹೆಂಗಸೊಬ್ಬಳು ಬಂದಳು. ಸೀರೆ ಮೇಲೆತ್ತಿ ಸಿಕ್ಕಿಸಿದ್ದಳು, ಮೊಣಕೈವರೆಗೆ ನೀರು. ನನ್ನ ಮಾತು ಅರ್ಧ ಕೇಳಿದಳು.

“ಆಮ್ಯಾಲೆ ಬರ್ರಿ ಅಕ್ಕಾರ. ಈಗ ಸೊಸಿಗೆ ಎರೀಲಿಕ್ಕತ್ತೀನಿ,” ಎಂದು ಬಾಗಿಲು ಹಾಕಿಕೊಂಡಳು.

ಹಾಕಿದ ಬಾಗಿಲ ಮುಂದೆ ಒಂದು ಕ್ಷಣ ನಿಂತೆ. ಆಮೇಲೆ ಮನೆಯ ಪಕ್ಕದ ಸಂದಿಗೆ ಹೋದೆ. ಬಚ್ಚಲ ಕಿಂಡಿ ತಲೆಯಿಂದ ಒಂದು ಮೊಳ ಮೇಲಿತ್ತು, ಹಳೆಯ ಕೌದಿ ತುರುಕಿದ್ದರು. ಗೋಡೆಗೆ ಒರಗಿಸಿದ್ದ ಬಟ್ಟೆ ಒಣಹಾಕುವ ಕೋಲು ತೆಗೆದುಕೊಂಡು ಬಲವಿದ್ದಷ್ಟೂ ಚುಚ್ಚಿದೆ. ಒಂದು ಸಲಕ್ಕೆ ಆಗಲಿಲ್ಲ. ಎರಡನೆಯ ಸಲ ಕೌದಿ ಒಳಗೆ ಬಿತ್ತು, ನೀರಿನ ಬಕೆಟ್ಟಿನಲ್ಲಿ ಬಿದ್ದ ಸದ್ದಾಯಿತು, ಬಿಸಿ ಹಬೆ ನನ್ನ ಮುಖಕ್ಕೆ ಬಂತು.

“ಯಾವಾಕಿ ಅಕಿ, ನಿನ್ನ ಕೈ ಸೇದಿ ಹೋಗ!” ಎಂದು ಒಳಗಿನಿಂದ ಬೈಗುಳ ಶುರುವಾಯಿತು. ನನ್ನ ವಂಶವನ್ನೆಲ್ಲ ಎಳೆದು ತಂದು ಬೈದಳು. ನಾನು ಕೋಲು ಹಿಡಿದುಕೊಂಡು ಅಳುತ್ತ ನಿಂತೆ. ಅಷ್ಟು ಬೈಯಬೇಕಾದರೆ ಎದೆಯಲ್ಲಿ ಉಸಿರಿರಬೇಕು. ಇನ್ನೂ ಬೈಯಲಿ, ಸಂಜೆವರೆಗೂ ಬೈಯಲಿ ಎನಿಸಿತು.

ಆಮೇಲೆ ಹೊಳೆಯಿತು, ಬೈಯುತ್ತಿದ್ದ ದನಿ ಒಂದೇ. ಬಚ್ಚಲಲ್ಲಿ ಇಬ್ಬರಿದ್ದರು, ಅತ್ತೆ ಮತ್ತು ಸೊಸೆ. ಕೋಲು ಅಲ್ಲೇ ಬಿಸುಟು ಮುಂಬಾಗಿಲ ಕಡೆ ಓಡಿದೆ.